ಹರಳು ಹೇಳಿದ ತೀರ್ಪು

“ಮಾಷ್ಟ್ರೆ, ಪುಸ್ತಕದಲ್ಲಿ ಒಂದು ಕಡೆ ಬೆಳಕು ಅಲೆ ಅಂತ ಉಂಟು, ಇನ್ನೊಂದು ಕಡೆ ಕಣ ಅಂತ ಉಂಟು. ಪರೀಕ್ಷೆಗೆ ಯಾವುದನ್ನು ಬರೆಯುವುದು?”

ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬ ಹೀಗೆ ಕೇಳಿದಾಗ ತರಗತಿಯೆಲ್ಲ ನಕ್ಕಿತು. ನಮಗೆ ಮಾತ್ರ ನಗು ಬರಲಿಲ್ಲ. ಇದೇ ಪ್ರಶ್ನೆಯನ್ನು ಹಿಡಿದುಕೊಂಡು ಯುರೋಪಿನ ಘನ ವಿದ್ವಾಂಸರು ವರ್ಷಗಟ್ಟಲೆ ವಾದ ಮಾಡಿದ್ದುಂಟು. ಅಂದು ಗಂಟೆ ಬಾರಿಸಿದ್ದರಿಂದ ಉತ್ತರ ಅರ್ಧಕ್ಕೇ ನಿಂತಿತು. ಆ ಬಾಕಿಯನ್ನು ನಮ್ಮ ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ತೀರಿಸಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಇದು ಎರಡು ವಾದಗಳ ಕಥೆ. ಮೊದಲನೆಯದು 1912ರಲ್ಲಿ ಜರ್ಮನಿ ಮತ್ತು ಇಂಗ್ಲೆಂಡುಗಳಲ್ಲಿ ನಡೆಯಿತು. ಎರಡನೆಯದು 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಲಂಡನ್ನಿಗೆ ಹೋಯಿತು. ಅದರ ಒಂದು ಪಕ್ಷದಲ್ಲಿ ನಿಂತವರು ನಾವೆಲ್ಲ ಹೆಮ್ಮೆಯಿಂದ ನೆನೆಯುವ ಸರ್ ಸಿ. ವಿ. ರಾಮನ್ನರು. ಎರಡೂ ವಾದಗಳಲ್ಲಿ ಕೊನೆಗೆ ತೀರ್ಪು ಹೇಳಿದ್ದು ಬೆರಳ ತುದಿಯಲ್ಲಿ ಹಿಡಿಯಬಹುದಾದ ಒಂದು ಹರಳು.

ಗೊತ್ತಿಲ್ಲದ ಕಿರಣ

1895ರ ನವೆಂಬರ್ 8ರಂದು ಜರ್ಮನಿಯ ವೂರ್ತ್ಸ್‌ಬುರ್ಗ್ ನಗರದಲ್ಲಿ ರಾಂಟ್‌ಜನ್ ಎಂಬ ಪ್ರಾಧ್ಯಾಪಕರು ತಮ್ಮ ಕತ್ತಲೆ ಕೋಣೆಯಲ್ಲಿ ಹೊಸ ಬಗೆಯ ಕಿರಣವೊಂದನ್ನು ಕಂಡುಹಿಡಿದರು. ಅದು ಕಪ್ಪು ಕಾಗದವನ್ನೂ ಮಾಂಸವನ್ನೂ ದಾಟಿ ಹೋಗುತ್ತಿತ್ತು. ಎಲುಬಿನ ನೆರಳು ಮಾತ್ರ ಗಾಢವಾಗಿ ಬೀಳುತ್ತಿತ್ತು. ಬೀಜಗಣಿತದಲ್ಲಿ ಗೊತ್ತಿಲ್ಲದ ಸಂಖ್ಯೆಯನ್ನು ‘ಎಕ್ಸ್’ ಎನ್ನುವಂತೆ ಅವರು ಈ ಗೊತ್ತಿಲ್ಲದ ಕಿರಣಕ್ಕೂ ಅದೇ ಹೆಸರಿಟ್ಟರು. ಅದನ್ನೇ ಕನ್ನಡದಲ್ಲಿ ನಾವು ಕ್ಷ-ಕಿರಣ ಎನ್ನುತ್ತೇವೆ. ಕೈ ಮುರಿದಾಗ ಆಸ್ಪತ್ರೆಯಲ್ಲಿ ತೆಗೆಯುವ ಚಿತ್ರ ಈ ಕಿರಣದ್ದೇ.

ಕಿರಣ ಸಿಕ್ಕಿತು, ಆದರೆ ಅದು ಏನು ಎಂಬುದು ಹದಿನೇಳು ವರ್ಷ ತೀರ್ಮಾನವಾಗಲಿಲ್ಲ. ಕ್ಷ-ಕಿರಣವೂ ಬೆಳಕಿನಂತೆ ತರಂಗವೇ, ಆದರೆ ಬಹಳ ಚಿಕ್ಕ ತರಂಗ ಎಂದು ಕೆಲವರು ಹೇಳುತ್ತಿದ್ದರು. ಇಂಗ್ಲೆಂಡಿನ ಬಾರ್ಕ್ಲ ಎಂಬುವರು 1905ರ ಸುಮಾರಿಗೆ ಇದಕ್ಕೆ ಒಳ್ಳೆಯ ಆಧಾರವನ್ನೂ ತೋರಿಸಿದ್ದರು. ವಿಲಿಯಂ ಹೆನ್ರಿ ಬ್ರ್ಯಾಗ್ ಎಂಬ ಪ್ರಾಧ್ಯಾಪಕರು ಇದನ್ನು ಒಪ್ಪಲಿಲ್ಲ. ಕ್ಷ-ಕಿರಣ ಒಂದು ಪರಮಾಣುವಿಗೆ ತಾಗಿ ಇಲೆಕ್ಟ್ರಾನನ್ನು ಭಾರಿ ವೇಗದಲ್ಲಿ ಹೊಡೆದೋಡಿಸುತ್ತದೆ. ಕೆರೆಯ ಅಲೆಯಂತೆ ಸುತ್ತಲೂ ಹರಡಿಹೋಗುವ ತರಂಗಕ್ಕೆ ಒಂದೇ ಜಾಗದಲ್ಲಿ ಅಷ್ಟು ಶಕ್ತಿ ಎಲ್ಲಿಂದ ಬರಬೇಕು? ಆದ್ದರಿಂದ ಅದು ಕಣವೇ ಇರಬೇಕು ಎಂದು ಅವರ ವಾದ. ಎರಡು ಪಕ್ಷಗಳಲ್ಲೂ ತಿಳಿದವರಿದ್ದರು, ಎರಡು ಪಕ್ಷಗಳಲ್ಲೂ ಸಾಕ್ಷ್ಯವಿತ್ತು.

ಮ್ಯೂನಿಕ್ಕಿನ ಚಿತ್ರ

ತರಂಗವೆಂದು ತೋರಿಸಲು ಒಂದು ದಾರಿ ಮೊದಲೇ ಗೊತ್ತಿತ್ತು. ಗಾಜಿನ ಮೇಲೆ ಬಹು ಒತ್ತಾಗಿ ಸಮಾನ ದೂರದಲ್ಲಿ ಗೆರೆ ಕೊರೆದು ಬೆಳಕನ್ನು ಹಾಯಿಸಿದರೆ ಬೆಳಕು ಕೆಲವು ದಿಕ್ಕುಗಳಲ್ಲಿ ಮಾತ್ರ ಗಟ್ಟಿಯಾಗಿ ಕಾಣುತ್ತದೆ. ಇದಕ್ಕೆ ವಿವರ್ತನೆ ಎಂದು ಹೆಸರು. ಆದರೆ ಗೆರೆಗಳ ಅಂತರವು ಅಲೆಯ ಉದ್ದಕ್ಕೆ ಸರಿಸುಮಾರಾಗಿ ಹೊಂದಬೇಕು. ಕ್ಷ-ಕಿರಣದ ಅಲೆ ಬೆಳಕಿನ ಅಲೆಗಿಂತ ಸಾವಿರಾರು ಪಟ್ಟು ಚಿಕ್ಕದೆಂದು ಊಹೆ. ಅಷ್ಟು ಒತ್ತಾಗಿ ಗೆರೆ ಕೊರೆಯುವ ಉಳಿ ಯಾರಲ್ಲಿದೆ?

1912ರ ಆರಂಭದಲ್ಲಿ ಮ್ಯೂನಿಕ್ಕಿನಲ್ಲಿ ಪಾಲ್ ಎವಾಲ್ಡ್ ಎಂಬ ವಿದ್ಯಾರ್ಥಿ ತನ್ನ ಪ್ರಬಂಧದ ಕುರಿತು ಸಂದೇಹ ಕೇಳಲು ಮ್ಯಾಕ್ಸ್ ಲಾವೆ ಎಂಬ ಯುವ ಅಧ್ಯಾಪಕರ ಬಳಿಗೆ ಹೋದ. ಹರಳಿನಲ್ಲಿ ಕಣಗಳು ಸಾಲುಸಾಲಾಗಿ ಜೋಡಿಸಿರುತ್ತವೆ ಎಂಬುದು ಅವನ ಪ್ರಬಂಧದ ಆಧಾರ. ಆಗ ಅದು ಊಹೆಯಷ್ಟೇ. ಮಾತಿನ ನಡುವೆ ಲಾವೆಯವರಿಗೆ ಹೊಳೆಯಿತು: ಮನುಷ್ಯ ಕೊರೆಯಲಾರದ ಆ ಒತ್ತು ಗೆರೆಗಳನ್ನು ಪ್ರಕೃತಿ ಹರಳಿನೊಳಗೆ ಕೊರೆದೇ ಇಟ್ಟಿದೆಯಲ್ಲ!

ಹಿರಿಯರಿಗೆ ಇದು ಒಪ್ಪಿಗೆಯಾಗಲಿಲ್ಲ. ಆ ಸಂಸ್ಥೆಯ ಮುಖ್ಯಸ್ಥರಾದ ಸೊಮ್ಮರ್‌ಫೆಲ್ಡ್ ಮೊದಲಾದವರ ಆಕ್ಷೇಪ ಹೀಗಿತ್ತು: ಯಾವ ವಸ್ತುವಿನಲ್ಲೂ ಪರಮಾಣುಗಳು ಶಾಖದಿಂದ ಸದಾ ನಡುಗುತ್ತಲೇ ಇರುತ್ತವೆ, ನಡುಗುವ ಗೆರೆಗಳಿಂದ ಸ್ಪಷ್ಟ ಚಿತ್ರ ಬರುವುದು ಹೇಗೆ? ಈ ಆಕ್ಷೇಪವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದು ಬೇರೊಂದು ವೇಷದಲ್ಲಿ ಮರಳಿ ಬರುತ್ತದೆ.

ಆದರೂ ಫ್ರೀಡ್‌ರಿಶ್ ಮತ್ತು ಕ್ನಿಪ್ಪಿಂಗ್ ಎಂಬ ಇಬ್ಬರು ತರುಣರು ಏಪ್ರಿಲ್ ತಿಂಗಳಲ್ಲಿ ಪ್ರಯೋಗಕ್ಕೆ ಕೈ ಹಾಕಿದರು. ಅವರು ಮೊದಲು ಆರಿಸಿದ ಹರಳು ಯಾವುದು ಗೊತ್ತೆ? ಮಳೆಗಾಲದಲ್ಲಿ ನಮ್ಮ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲು ಸುಣ್ಣದೊಂದಿಗೆ ಬೆರೆಸುತ್ತೇವಲ್ಲ, ಅದೇ ನೀಲಿ ಮೈಲುತುತ್ತು! ಗಂಟೆಗಟ್ಟಲೆ ಕಿರಣ ಹಾಯಿಸಿ, ಹರಳಿನ ಹಿಂದೆ ಇಟ್ಟಿದ್ದ ಛಾಯಾಚಿತ್ರದ ಗಾಜನ್ನು ತೊಳೆದು ನೋಡಿದಾಗ ನಡುವೆ ಒಂದು ದೊಡ್ಡ ಕಲೆ, ಅದರ ಸುತ್ತ ಚುಕ್ಕೆಗಳು ಕಂಡವು. ಆಮೇಲೆ ಸತುವಿನ ಸಲ್ಫೈಡಿನ ಹರಳನ್ನು ಸರಿಯಾದ ದಿಕ್ಕಿಗೆ ಕೊರೆದು ಇಟ್ಟಾಗ ಚುಕ್ಕೆಗಳು ರಂಗೋಲಿಯಂತೆ ಅಚ್ಚುಕಟ್ಟಾಗಿ ಮೂಡಿದವು.

ಕ್ಷ-ಕಿರಣ ಅಲೆಯಂತೆ ವರ್ತಿಸುತ್ತದೆ, ಹರಳಿನೊಳಗೆ ಪರಮಾಣುಗಳು ಸಾಲಾಗಿ ನಿಂತಿವೆ ಎಂಬ ಎರಡು ಸಂಗತಿಗಳಿಗೆ ಒಂದೇ ಚಿತ್ರ ಸಾಕ್ಷಿಯಾಯಿತು. ಲಾವೆಯವರಿಗೆ 1914ರ ನೊಬೆಲ್ ಪಾರಿತೋಷಕ ದೊರೆಯಿತು.

ಇಪ್ಪತ್ತೆರಡು ವರ್ಷದ ವಿದ್ಯಾರ್ಥಿ

ಚಿತ್ರ ಬಂದಿತು, ಅದರ ವಿವರಣೆಯಲ್ಲಿ ಮಾತ್ರ ಒಂದು ತೊಡಕು ಉಳಿಯಿತು. ಕಿರಣದಲ್ಲಿ ಗೊತ್ತಾದ ಐದು ಅಳತೆಯ ಅಲೆಗಳು ಮಾತ್ರ ಇವೆ ಎಂದು ಲಾವೆ ಲೆಕ್ಕ ಹಾಕಿದ್ದರು. ಆ ಲೆಕ್ಕದ ಪ್ರಕಾರ ಬರಬೇಕಾಗಿದ್ದ ಹಲವು ಚುಕ್ಕೆಗಳು ಚಿತ್ರದಲ್ಲಿ ಇರಲೇ ಇಲ್ಲ.

ಆ ಬೇಸಿಗೆಯಲ್ಲಿ ಕಣಪಕ್ಷದ ಬ್ರ್ಯಾಗ್ ಪ್ರಾಧ್ಯಾಪಕರು ಇಂಗ್ಲೆಂಡಿನ ಯಾರ್ಕ್‌ಷೈರ್ ಕಡಲ ತೀರದಲ್ಲಿ ಕುಟುಂಬದೊಡನೆ ರಜೆಯಲ್ಲಿದ್ದರು. ಮ್ಯೂನಿಕ್ಕಿನ ಸುದ್ದಿ ಅವರಿಗೆ ಪತ್ರದ ಮೂಲಕ ತಲುಪಿತು. ಅವರ ಮಗ ವಿಲಿಯಂ ಲಾರೆನ್ಸ್ ಬ್ರ್ಯಾಗ್‌ಗೆ ಆಗ 22 ವರ್ಷ, ಕೇಂಬ್ರಿಜ್‌ನಲ್ಲಿ ಓದುತ್ತಿದ್ದ. ತಂದೆ ಮಗ ಸೇರಿ ಇದನ್ನು ಕಣಗಳಿಂದಲೇ ವಿವರಿಸಲು ನೋಡಿದರು. ಪರಮಾಣುಗಳ ಸಾಲುಗಳ ನಡುವಿನ ಓಣಿಗಳಲ್ಲಿ ಕಣಗಳು ತೂರಿ ಬಂದು ಚುಕ್ಕೆ ಮೂಡಿಸಿರಬಹುದು ಎಂಬುದು ಅವರ ಊಹೆ. ಮಗ ಅದಕ್ಕಾಗಿ ಪ್ರಯೋಗವನ್ನೂ ಮಾಡಿದ. ಫಲ ಸಿಗಲಿಲ್ಲ.

ಕೇಂಬ್ರಿಜ್‌ಗೆ ಮರಳಿದ ಮೇಲೆ ನದಿಯ ದಡದಲ್ಲಿ ನಡೆಯುತ್ತಿದ್ದಾಗ ಆ ಹುಡುಗನಿಗೆ ಸರಳವಾದ ವಿಚಾರವೊಂದು ಹೊಳೆಯಿತು. ಅದನ್ನು ತಿಳಿಯಲು ನಾವು ಅಡಿಕೆ ತೋಟಕ್ಕೆ ಹೋಗೋಣ.

ಸರಿಯಾಗಿ ಅಳೆದು ನೆಟ್ಟ ತೋಟದ ಅಂಚಿನಲ್ಲಿ ನಿಂತು ನೋಡಿರಿ. ಕಂಗುಗಳು ನೇರ ಸಾಲಾಗಿ ಕಾಣುತ್ತವೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದರೆ ಅದೇ ಮರಗಳು ಬೇರೆ ಸಾಲುಗಳಾಗಿ ನಿಲ್ಲುತ್ತವೆ. ಈ ಓರೆ ಸಾಲುಗಳಲ್ಲಿ ಮರಗಳು ವಿರಳ, ಸಾಲುಗಳ ನಡುವಿನ ಅಂತರವೂ ಕಡಿಮೆ. ಹರಳಿನಲ್ಲಿಯೂ ಹೀಗೆಯೇ, ಅಲ್ಲಿ ಸಾಲುಗಳ ಬದಲಿಗೆ ಪದರಗಳಿವೆ. ಈ ಪ್ರತಿಯೊಂದು ಪದರವೂ ಒಂದು ಮಸುಕು ಕನ್ನಡಿಯಂತೆ ಕ್ಷ-ಕಿರಣವನ್ನು ಸ್ವಲ್ಪ ಪ್ರತಿಫಲಿಸುತ್ತದೆ ಎಂದು ತರುಣ ಬ್ರ್ಯಾಗ್ ಭಾವಿಸಿದ.

ಒಂದು ಪದರದ ಪ್ರತಿಫಲನ ಬಹಳ ಕ್ಷೀಣ. ಕೆಳಗಿನ ಪದರದಿಂದ ಬರುವ ಅಲೆ ಸ್ವಲ್ಪ ಹೆಚ್ಚು ದಾರಿ ನಡೆದು ಬರುತ್ತದೆ. ಆ ಹೆಚ್ಚಿನ ದಾರಿ ಅಲೆಯ ಉದ್ದದ ಸರಿಯಾಗಿ ಒಂದು ಪಟ್ಟು, ಎರಡು ಪಟ್ಟು, ಮೂರು ಪಟ್ಟು ಹೀಗೆ ಇದ್ದರೆ ಎಲ್ಲ ಅಲೆಗಳೂ ಕವಾಯತಿನ ಮಕ್ಕಳಂತೆ ಹೆಜ್ಜೆಗೆ ಹೆಜ್ಜೆ ಹಾಕಿ ಬಂದು ಬಲವಾದ ಕಿರಣವಾಗುತ್ತವೆ. ಹೆಜ್ಜೆ ತಪ್ಪಿದರೆ ಒಂದನ್ನೊಂದು ಅಳಿಸಿಹಾಕುತ್ತವೆ. ಪದರಗಳ ಅಂತರ ‘ಡಿ’, ಪದರಕ್ಕೂ ಕಿರಣಕ್ಕೂ ನಡುವಿನ ಕೋನ ‘ಥೀಟಾ’, ಅಲೆಯ ಉದ್ದ ಅಂದರೆ ತರಂಗದೂರ ‘ಲ್ಯಾಂಬ್ಡಾ’, ಪೂರ್ಣಸಂಖ್ಯೆ ‘ಎನ್’ ಎಂದಿಟ್ಟುಕೊಂಡರೆ ನಿಯಮ ಇಷ್ಟೆ: ಎನ್ ಲ್ಯಾಂಬ್ಡಾ ಎಂದರೆ 2 ಡಿ ಸೈನ್ ಥೀಟಾಕ್ಕೆ ಸಮ. ಇದೇ ಬ್ರ್ಯಾಗ್ ನಿಯಮ.

ಲಾವೆ ಹೇಳಿದಂತೆ ಕಿರಣದಲ್ಲಿ ಐದೇ ಅಲೆಗಳಿಲ್ಲ. ಬಿಸಿಲಿನಲ್ಲಿ ಎಲ್ಲ ಬಣ್ಣಗಳಿರುವಂತೆ ಅನೇಕ ಉದ್ದದ ಅಲೆಗಳು ಬೆರೆತಿವೆ. ಪ್ರತಿಯೊಂದು ಪದರಗುಂಪೂ ತನ್ನ ಅಂತರಕ್ಕೆ ಹೊಂದುವ ಅಲೆಯನ್ನು ಅದರಿಂದ ಆರಿಸಿಕೊಳ್ಳುತ್ತದೆ ಎಂದು ಅವನು ವಾದಿಸಿದ. ಇದನ್ನು ಪರೀಕ್ಷಿಸಬಹುದಿತ್ತು. ಐದೇ ಅಲೆಗಳಿದ್ದರೆ, ಹರಳನ್ನು ತುಸು ಓರೆ ಮಾಡಿದಾಗ ಹೊಂದಿಕೆ ತಪ್ಪಿ ಹಳೆಯ ಚುಕ್ಕೆಗಳು ಅಳಿಸಿಹೋಗಬೇಕು. ಆದರೆ 3 ಡಿಗ್ರಿ ಓರೆ ಮಾಡಿ ತೆಗೆದ ಚಿತ್ರದಲ್ಲಿ ಚುಕ್ಕೆಗಳು, ಕನ್ನಡಿ ತಿರುಗಿಸಿದಾಗ ಬಿಸಿಲುಕೋಲು ಸರಿಯುವಂತೆ, ಸರಿದು ನಿಂತಿದ್ದವು. ಸತುವಿನ ಸಲ್ಫೈಡಿನಲ್ಲಿ ಪರಮಾಣುಗಳು ಘನಾಕೃತಿಯ ಮೂಲೆಗಳಲ್ಲಿ ಮಾತ್ರವಲ್ಲದೆ ಮುಖಗಳ ನಡುವೆಯೂ ಇವೆ ಎಂದು ಭಾವಿಸಿದಾಗ, ಇಲ್ಲದ ಚುಕ್ಕೆಗಳು ಏಕೆ ಇಲ್ಲ ಎಂಬುದೂ ಬಿಡಿಸಿಕೊಂಡಿತು. 1912ರ ನವೆಂಬರ್ 11ರಂದು ಈ ಪ್ರಬಂಧವನ್ನು ಕೇಂಬ್ರಿಜ್‌ನ ವಿದ್ವತ್ಸಭೆಯಲ್ಲಿ ಓದಲಾಯಿತು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಆ ಹುಡುಗ ಲಾವೆಯವರ ವಿವರಣೆಯನ್ನು ತಿದ್ದಿದ್ದಲ್ಲದೆ, ತನ್ನ ತಂದೆ ವರ್ಷಗಟ್ಟಲೆ ಸಮರ್ಥಿಸುತ್ತ ಬಂದ ಮತಕ್ಕೂ ಎದುರಾಗಿ ನಿಂತಿದ್ದ. ತಂದೆ ಮುನಿಯಲಿಲ್ಲ. ಕಣವೋ ತರಂಗವೋ ಎಂದು ಎರಡರಲ್ಲಿ ಒಂದನ್ನು ಆರಿಸುವುದು ಮುಖ್ಯವಲ್ಲ, ಎರಡರ ಗುಣವನ್ನೂ ಒಳಗೊಳ್ಳುವ ಒಂದು ಸಿದ್ಧಾಂತವನ್ನು ಹುಡುಕಬೇಕು ಎಂದು ಅವರು ಅದೇ ತಿಂಗಳು ಬರೆದರು. ಮಗನ ಜೊತೆಗೂಡಿ ಕ್ಷ-ಕಿರಣವನ್ನು ಅಳೆಯುವ ಉಪಕರಣವನ್ನೂ ಕಟ್ಟಿದರು. 1915ರ ನೊಬೆಲ್ ಪಾರಿತೋಷಕ ತಂದೆ ಮಗ ಇಬ್ಬರಿಗೂ ಒಟ್ಟಿಗೆ ಬಂದಿತು. ಮಗನಿಗೆ ಆಗ 25 ವರ್ಷ, ಯುದ್ಧಭೂಮಿಯಲ್ಲಿದ್ದ. ಆ ವರ್ಷವೇ ಅವನ ತಮ್ಮ ಗಲಿಪೊಲಿಯ ಯುದ್ಧದಲ್ಲಿ ತೀರಿಹೋಗಿದ್ದ.

ತಂದೆಯ ಮಾತು ಮುಂದೆ ನಿಜವಾಯಿತು. 1923ರಲ್ಲಿ ಅಮೆರಿಕದ ಕಾಂಪ್ಟನ್, ಕ್ಷ-ಕಿರಣ ಇಲೆಕ್ಟ್ರಾನಿಗೆ ಗೋಲಿಯಂತೆ ಡಿಕ್ಕಿ ಹೊಡೆಯುತ್ತದೆ ಎಂದು ತೋರಿಸಿದರು. ಡಿಕ್ಕಿಯ ನಂತರದ ಕಿರಣವನ್ನು ಅವರು ಅಳೆದದ್ದು ಹರಳಿನಿಂದ, ತರಂಗದ ಲೆಕ್ಕವಾದ ಬ್ರ್ಯಾಗ್ ನಿಯಮದಿಂದಲೇ!

ಅಡುಗೆಮನೆಯ ಉಪ್ಪು

ಇಷ್ಟರಿಂದ ಏನಾಯಿತು ಎಂದು ತಾಯಂದಿರು ಕೇಳಬಹುದು. ಅವರ ಅಡುಗೆಮನೆಯಲ್ಲೇ ಉತ್ತರವಿದೆ. 1913ರಲ್ಲಿ ತರುಣ ಬ್ರ್ಯಾಗ್ ಉಪ್ಪಿನ ಹರಳಿನೊಳಗಿನ ರಚನೆಯನ್ನು ಬಿಡಿಸಿದ. ಸೋಡಿಯಂ ಒಂದು, ಕ್ಲೋರಿನ್ ಒಂದು, ಹೀಗೆ ಚದುರಂಗದ ಮಣೆಯ ಮನೆಗಳಂತೆ ಒಂದು ಬಿಟ್ಟು ಒಂದು ಮೂರು ದಿಕ್ಕಿಗೂ ಸಾಗಿತ್ತು. ಸೋಡಿಯಂ ಕ್ಲೋರೈಡಿನ ಜೋಡಿ ಎಂಬುದೇ ಹರಳಿನಲ್ಲಿ ಬೇರೆಯಾಗಿ ಇರಲಿಲ್ಲ. ಇದು ಕೆಲವು ರಸಾಯನಶಾಸ್ತ್ರಜ್ಞರಿಗೆ ಸಹಿಸಲಿಲ್ಲ. 1927ರಷ್ಟು ತಡವಾಗಿ ಕೂಡ ಆರ್ಮ್‌ಸ್ಟ್ರಾಂಗ್ ಎಂಬ ವೃದ್ಧ ವಿದ್ವಾಂಸರು ಈ ಚದುರಂಗದ ಮಣೆಯನ್ನು ಹಳಿದು ಪತ್ರಿಕೆಗೆ ಬರೆದರು.

ಹತ್ತನೆಯ ತರಗತಿಯವರು ಈ ಲೆಕ್ಕವನ್ನು ತಾವೇ ಮಾಡಬಹುದು. ಉಪ್ಪಿನ ಅಣುಭಾರ ಸುಮಾರು 58.4, ಸಾಂದ್ರತೆ ಘನ ಸೆಂಟಿಮೀಟರಿಗೆ 2.16 ಗ್ರಾಂ. ಭಾಗಿಸಿದರೆ ಒಂದು ಮೋಲ್ ಉಪ್ಪು 27 ಘನ ಸೆಂಟಿಮೀಟರ್ ಜಾಗ ಹಿಡಿಯುತ್ತದೆ. ಅದರಲ್ಲಿ ಅವೊಗಾಡ್ರೊ ಸಂಖ್ಯೆಯ ಎರಡು ಪಟ್ಟು ಪರಮಾಣುಗಳಿವೆ. ಒಂದೊಂದಕ್ಕೆ ಬರುವ ಜಾಗದ ಘನಮೂಲ ತೆಗೆದರೆ ಪದರಗಳ ಅಂತರ 2.82 ಆಂಗ್‌ಸ್ಟ್ರಾಂ ಎಂದು ಸಿಗುತ್ತದೆ. ಒಂದು ಸೆಂಟಿಮೀಟರಿನಲ್ಲಿ 10 ಕೋಟಿ ಆಂಗ್‌ಸ್ಟ್ರಾಂ ಎಂಬುದು ನೆನಪಿರಲಿ. ತಾಮ್ರದಿಂದ ಹೊರಡುವ ಕ್ಷ-ಕಿರಣದ ತರಂಗದೂರ 1.54 ಆಂಗ್‌ಸ್ಟ್ರಾಂ. ಬ್ರ್ಯಾಗ್ ನಿಯಮಕ್ಕೆ ಹಾಕಿದರೆ ಕೋನ ಸುಮಾರು 16 ಡಿಗ್ರಿ. ಕಣ್ಣಿಗೆ ಎಂದೂ ಕಾಣದ ಅಂತರವನ್ನು ಕಾಗದ, ಪೆನ್ಸಿಲು, ಸೈನ್ ಕೋಷ್ಟಕಗಳಿಂದ ಅಳೆದಂತಾಯಿತು.

ನಡುಗುವ ಪರಮಾಣುಗಳು

ಈಗ ಸೊಮ್ಮರ್‌ಫೆಲ್ಡರ ಆಕ್ಷೇಪಕ್ಕೆ ಮರಳೋಣ. ಪರಮಾಣುಗಳು ನಡುಗುತ್ತಿರುವಾಗ ಚುಕ್ಕೆಗಳು ಸ್ಪಷ್ಟವಾಗಿ ಬಂದದ್ದು ಹೇಗೆ? 1913ರಲ್ಲಿ ಪೀಟರ್ ಡಿಬೈ ಇದನ್ನು ಲೆಕ್ಕ ಮಾಡಿದರು. ನಡುಕದಿಂದ ಚುಕ್ಕೆ ಅಗಲವಾಗುವುದಿಲ್ಲ, ಮಂಕಾಗುತ್ತದೆ. ಚುಕ್ಕೆ ಕಳೆದುಕೊಂಡ ಕಿರಣ ಸುತ್ತಲೂ ಮಂಜಿನಂತೆ ಹರಡುತ್ತದೆ ಎಂದು ಅವರು ತೋರಿಸಿದರು.

1923ರ ಸುಮಾರಿಗೆ ಫಾಕ್ಸೆನ್ ಮತ್ತು ವಾಲರ್ ಎಂಬ ಸ್ವೀಡನ್ನಿನ ವಿದ್ವಾಂಸರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಹರಳಿನಲ್ಲಿ ಪರಮಾಣುಗಳು ತಮ್ಮ ತಮ್ಮಷ್ಟಕ್ಕೆ ನಡುಗುವುದಿಲ್ಲ. ಗಾಳಿ ಬೀಸಿದಾಗ ಗದ್ದೆಯ ಪೈರು ಒಂದರ ಹಿಂದೆ ಒಂದು ಬಾಗಿ ಅಲೆ ಓಡುತ್ತದಲ್ಲ, ಹಾಗೆ ಹರಳಿನೊಳಗೆ ನಡುಕದ ಅಲೆಗಳು ಓಡುತ್ತವೆ. ಆದ್ದರಿಂದ ಆ ಮಂಜು ಎಲ್ಲ ಕಡೆ ಒಂದೇ ಸಮನಾಗಿರದೆ ಬ್ರ್ಯಾಗ್ ಚುಕ್ಕೆಗಳ ಸಮೀಪದಲ್ಲಿ ಗುಂಪುಗೂಡಿ ಮಸುಕು ಕಲೆಗಳಾಗಬೇಕು. ಕಾಗದದ ಮೇಲಿದ್ದ ಈ ಮಾತನ್ನು ಬಹುಕಾಲ ಹೆಚ್ಚಿನವರು ಗಮನಿಸಲಿಲ್ಲ.

ಬೆಂಗಳೂರಿನ ವಜ್ರ

1928ರಲ್ಲಿ ರಾಮನ್ ಪರಿಣಾಮವನ್ನು ಕಂಡುಹಿಡಿದು 1930ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಸಿ. ವಿ. ರಾಮನ್ನರು 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿ ಬಂದರು. ವಜ್ರವೆಂದರೆ ಅವರಿಗೆ ಬಹಳ ಪ್ರೀತಿ. 1940ರಲ್ಲಿ ಅವರೂ ಅವರ ಸಹೋದ್ಯೋಗಿ ಪಿ. ನೀಲಕಂಠನ್ನರೂ ವಜ್ರದ ಕ್ಷ-ಕಿರಣ ಚಿತ್ರಗಳಲ್ಲಿ ಬ್ರ್ಯಾಗ್ ನಿಯಮಕ್ಕೆ ಒಳಪಡದ ಹೆಚ್ಚುವರಿ ಚುಕ್ಕೆಗಳನ್ನು ಕಂಡರು. ಅವುಗಳಲ್ಲಿ ಕೆಲವು ಆಶ್ಚರ್ಯಪಡುವಷ್ಟು ಚೂಪಾಗಿದ್ದವು.

ರಾಮನ್ನರು ಕೊಟ್ಟ ವಿವರಣೆ ಅವರದೇ ಹಳೆಯ ಶೋಧದ ದಾರಿಯಲ್ಲಿತ್ತು. ರಾಮನ್ ಪರಿಣಾಮದಲ್ಲಿ ಬೆಳಕು ತನ್ನ ಶಕ್ತಿಯ ಒಂದಂಶವನ್ನು ಅಣುವಿಗೆ ಕೊಟ್ಟು ಅದನ್ನು ಕಂಪಿಸುತ್ತದೆ. ಹಾಗೆಯೇ ಕ್ಷ-ಕಿರಣವೂ ಹರಳಿನ ಪರಮಾಣುಗಳನ್ನು ಒಂದೇ ತಾಳದಲ್ಲಿ ಕಂಪಿಸುವಂತೆ ಮಾಡುತ್ತದೆ. ಹಾಗೆ ಕಂಪಿಸುವ ಪದರಗಳಿಂದ ಬರುವ ಹೊಸ ಬಗೆಯ ಪ್ರತಿಫಲನವೇ ಈ ಚುಕ್ಕೆಗಳು ಎಂದು ಅವರು ಸಾರಿದರು. ಶಾಖದ ನಡುಕದಿಂದ ಇದನ್ನು ವಿವರಿಸಲಾಗದು ಎಂಬುದಕ್ಕೆ ಅವರಲ್ಲಿ ಬಲವಾದ ಕಾರಣವಿತ್ತು. ವಜ್ರ ಅತಿ ಗಡುಸಾದ ವಸ್ತು. ಸಾಮಾನ್ಯ ಉಷ್ಣತೆಯಲ್ಲಿ ಅದರ ಪರಮಾಣುಗಳ ನಡುಕ ತೀರ ಕಡಿಮೆ. ಅದರಿಂದ ಅಷ್ಟು ಚೂಪು ಚುಕ್ಕೆ ಬರುವುದೆಂತು?

ಈಗ ಎರಡು ಸಿದ್ಧಾಂತಗಳು ಎದುರುಬದುರಾದವು. ಶಾಖದ ನಡುಕವೇ ಕಾರಣವಾದರೆ, ಹರಳನ್ನು ತಣಿಸಿದಾಗ ಚುಕ್ಕೆಗಳು ಮಂಕಾಗಬೇಕು. ರಾಮನ್ನರು ಹೇಳಿದಂತೆ ಕ್ಷ-ಕಿರಣವೇ ಕಂಪನವನ್ನು ಎಬ್ಬಿಸುವುದಾದರೆ, ತಣಿಸಿದರೂ ಚುಕ್ಕೆಗಳು ಉಳಿಯಬೇಕು; ಮಾತ್ರವಲ್ಲ, ಎಲ್ಲ ವಜ್ರಗಳಲ್ಲೂ ಇರಬೇಕು, ಏಕೆಂದರೆ ಎಲ್ಲ ವಜ್ರಗಳ ಮುಖ್ಯ ಕಂಪನವೂ ಒಂದೇ. ಒಳ್ಳೆಯ ವಾದದ ಲಕ್ಷಣ ಇದು. ಎರಡು ಪಕ್ಷಗಳೂ ಒಂದೇ ಪ್ರಯೋಗಕ್ಕೆ ಬೇರೆ ಬೇರೆ ಉತ್ತರವನ್ನು ಮುಂಚಿತವಾಗಿಯೇ ಹೇಳಿದಂತಾಗಿತ್ತು.

ಲಂಡನ್ನಿನ ಉತ್ತರ

ಈ ಪ್ರಯೋಗಕ್ಕೆ ಕೈ ಹಾಕಿದವರು ಒಬ್ಬ ಮಹಿಳೆ. ಐರ್ಲೆಂಡಿನಲ್ಲಿ 1903ರಲ್ಲಿ ಹತ್ತು ಮಕ್ಕಳ ಕುಟುಂಬದ ಕೊನೆಯ ಮಗುವಾಗಿ ಹುಟ್ಟಿದ ಕ್ಯಾಥಲೀನ್ ಲಾನ್ಸ್‌ಡೇಲರು ಹಿರಿಯ ಬ್ರ್ಯಾಗರ ಕೈಕೆಳಗೆ ಕಲಿತವರು. 1929ರಲ್ಲಿ ಹೆಕ್ಸಮೀಥೈಲ್ ಬೆಂಜೀನಿನ ಹರಳನ್ನು ಪರೀಕ್ಷಿಸಿ ಬೆಂಜೀನಿನ ಉಂಗುರ ಚಪ್ಪಟೆಯಾಗಿದೆ ಎಂದು ತೋರಿಸಿಕೊಟ್ಟಿದ್ದರು. ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದ ಕಾಲದಲ್ಲಿ ಅವರೂ ಸ್ಮಿತ್ ಎಂಬ ಸಹೋದ್ಯೋಗಿಯೂ ಬಗೆಬಗೆಯ ಹರಳುಗಳನ್ನು ದ್ರವವಾಯುವಿನ ಉಷ್ಣತೆಗೆ ತಣಿಸಿ ಚಿತ್ರ ತೆಗೆದರು.

ಹರಳು ತಣಿದಂತೆ ಮಸುಕು ಕಲೆಗಳು ಮಂಕಾದವು. 1941ರಲ್ಲಿ ಪ್ರಕಟವಾದ ಈ ಫಲಿತಾಂಶ ಡಿಬೈ, ವಾಲರ್ ಅವರ ಕಡೆಗೇ ತೂಗಿತು. ಆದರೆ ವಜ್ರದ ಚೂಪು ಚುಕ್ಕೆಗಳು? ಅವು ತಣಿಸಿದರೂ ಮಂಕಾಗಲಿಲ್ಲ! ಈ ಮಟ್ಟಿಗೆ ರಾಮನ್ನರು ಕಂಡದ್ದು ಸರಿಯಾಗಿಯೇ ಇತ್ತು.

ಲಾನ್ಸ್‌ಡೇಲರು ಅಲ್ಲಿಗೆ ನಿಲ್ಲಲಿಲ್ಲ. ಒಂದೇ ವಜ್ರವನ್ನು ನಂಬದೆ ಬೇರೆ ಬೇರೆ ವಜ್ರಗಳನ್ನು ಇಟ್ಟು ನೋಡಿದರು. ವಜ್ರಗಳಲ್ಲಿ ಎರಡು ಜಾತಿಗಳುಂಟೆಂದು 1934ರಲ್ಲಿಯೇ ತಿಳಿದಿತ್ತು. ಮಸುಕು ಕಲೆಗಳು ಎರಡು ಜಾತಿಯಲ್ಲೂ ಬಂದವು. ಚೂಪು ಚುಕ್ಕೆಗಳು ಒಂದು ಜಾತಿಯಲ್ಲಿ ಮಾತ್ರ ಬಂದವು. ಇನ್ನೊಂದರಲ್ಲಿ ಇರಲೇ ಇಲ್ಲ. ಕಂಪನ ಎಲ್ಲ ವಜ್ರಗಳಿಗೂ ಸಮಾನವಾಗಿರುವಾಗ ಕೆಲವಕ್ಕೆ ಮಾತ್ರ ಇರುವ ಚುಕ್ಕೆಗೆ ಕಂಪನ ಕಾರಣವಾಗಲಾರದು. ಆ ಜಾತಿಯ ವಜ್ರದ ಕಟ್ಟಡದಲ್ಲಿಯೇ ಏನೋ ಒಂದು ಕುಂದು ಇರಬೇಕು.

ಆ ಕುಂದು ಏನೆಂದು ತಿಳಿಯಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. 1959ರಲ್ಲಿ ಕೈಸರ್ ಮತ್ತು ಬಾಂಡ್ ಎಂಬುವರು ಮೊದಲ ಜಾತಿಯ ವಜ್ರಗಳಲ್ಲಿ ಸಾರಜನಕ ಬೆರೆತಿದೆ ಎಂದು ತೋರಿಸಿದರು. 1960ರ ದಶಕದಲ್ಲಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅಂತಹ ವಜ್ರಗಳೊಳಗೆ ಅತಿ ತೆಳುವಾದ ಹಾಳೆಯಂತಹ ದೋಷಗಳು ಕಣ್ಣಿಗೇ ಕಂಡವು.

ವಾದ ಇಷ್ಟಕ್ಕೆ ಮುಗಿಯಲಿಲ್ಲ. ಹರಳುಗಳ ಕಂಪನದ ಕುರಿತು ರಾಮನ್ನರಿಗೂ ಮ್ಯಾಕ್ಸ್ ಬಾರ್ನ್ ಎಂಬ ಮಹಾವಿದ್ವಾಂಸರಿಗೂ ದೀರ್ಘಕಾಲ ಘರ್ಷಣೆ ನಡೆಯಿತು. ಇದೇ ಬಾರ್ನ್ 1935ರಲ್ಲಿ ರಾಮನ್ನರ ಆಹ್ವಾನದ ಮೇರೆಗೆ ಬೆಂಗಳೂರಿಗೆ ಬಂದು ಕೆಲವು ತಿಂಗಳು ಪಾಠ ಹೇಳಿದ್ದವರು. ಹರಳಿನಲ್ಲಿ ಗೊತ್ತಾದ ಕೆಲವೇ ಕಂಪನಗಳಿವೆ ಎಂದು ರಾಮನ್. ಒಂದಕ್ಕೊಂದು ತಾಗಿಕೊಂಡಂತೆ ಅಸಂಖ್ಯ ಕಂಪನಗಳಿವೆ ಎಂದು ಬಾರ್ನ್. 1950ರ ದಶಕದಲ್ಲಿ ಕೆನಡಾದ ಬ್ರಾಕ್‌ಹೌಸ್ ಹರಳುಗಳೊಳಗೆ ನ್ಯೂಟ್ರಾನುಗಳನ್ನು ಹಾಯಿಸಿ ಕಂಪನಗಳನ್ನು ನೇರವಾಗಿ ಅಳೆದರು. ಫಲಿತಾಂಶ ಬಾರ್ನ್ ಹೇಳಿದಂತೆ ಬಂದಿತು. ಆ ಕೆಲಸಕ್ಕೆ ಬ್ರಾಕ್‌ಹೌಸರಿಗೆ 1994ರಲ್ಲಿ ನೊಬೆಲ್ ದೊರೆಯಿತು. ರಾಮನ್ನರು 1970ರಲ್ಲಿ ತೀರಿಕೊಳ್ಳುವವರೆಗೂ ತಮ್ಮ ಮತವನ್ನು ಬಿಡಲಿಲ್ಲ.

ಲಾನ್ಸ್‌ಡೇಲರ ಕುರಿತು ಹೆಣ್ಣುಮಕ್ಕಳಿಗಾಗಿ ಇನ್ನೆರಡು ಮಾತು. ಯುದ್ಧವನ್ನು ಒಪ್ಪದ ಅವರು ಯುದ್ಧಕಾಲದ ಸೇವೆಗೆ ಹೆಸರು ನೋಂದಾಯಿಸಲು ನಿರಾಕರಿಸಿ, ದಂಡವನ್ನೂ ಕಟ್ಟದೆ, 1943ರಲ್ಲಿ ಒಂದು ತಿಂಗಳು ಸೆರೆಮನೆಯಲ್ಲಿದ್ದರು. 1945ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಮೊದಲ ಬಾರಿಗೆ ಮಹಿಳೆಯರನ್ನು ಸದಸ್ಯರನ್ನಾಗಿ ಆರಿಸಿದಾಗ ಆ ಇಬ್ಬರಲ್ಲಿ ಅವರೊಬ್ಬರು.

ನಾವು ತಿಳಿಯಬೇಕಾದುದು

ಇದನ್ನು ಓದಿ ಕೆಲವರಿಗೆ ಬೇಸರವಾಗಬಹುದು. ನಮ್ಮ ರಾಮನ್ನರು ತಪ್ಪಿದರು ಎಂದು ಶಾಲೆಯ ಸಂಚಿಕೆಯಲ್ಲಿ ಬರೆಯಬೇಕೆ ಎಂದು ನಮ್ಮೊಳಗೂ ಚರ್ಚೆಯಾಯಿತು. ಬರೆಯಬೇಕು ಎಂಬ ತೀರ್ಮಾನಕ್ಕೆ ಬಂದೆವು. ಪ್ರತಿವರ್ಷ ಫೆಬ್ರವರಿ 28ರಂದು ವಿಜ್ಞಾನ ದಿನವನ್ನು ಆಚರಿಸಿ ರಾಮನ್ನರ ಚಿತ್ರಕ್ಕೆ ಹೂಮಾಲೆ ಹಾಕುತ್ತೇವೆ. ಅವರು ಕಂಡದ್ದು ಏನು, ಊಹಿಸಿದ್ದು ಏನು, ಎಲ್ಲಿ ಸರಿ, ಎಲ್ಲಿ ತಪ್ಪು ಎಂದು ತಿಳಿಯದೆ ಹಾಕಿದ ಮಾಲೆಯಿಂದ ಅವರಿಗೂ ಸಂತೋಷವಾಗದು.

ಬೆಂಗಳೂರಿನಲ್ಲಿ ಕಂಡ ಚುಕ್ಕೆಗಳು ನಿಜವಾದ ಚುಕ್ಕೆಗಳು. ಅವುಗಳನ್ನು ರಾಮನ್ನರು ಜಗತ್ತಿನ ಮುಂದೆ ಗಟ್ಟಿಯಾಗಿ ಇಟ್ಟದ್ದರಿಂದಲೇ ಮೂಲೆಗೆ ಬಿದ್ದಿದ್ದ ವಾಲರರ ಲೆಕ್ಕ ಪರೀಕ್ಷೆಗೆ ಬಂದಿತು, ವಜ್ರದ ಗುಟ್ಟೂ ಹೊರಬಿತ್ತು. ಅದೇ ಪ್ರಯೋಗಾಲಯದಲ್ಲಿ ವಜ್ರದ ಮೇಲೆ ಕ್ಷ-ಕಿರಣ ಹಾಯಿಸಿ ಪಳಗಿದವರು ನಮ್ಮ ಕೇರಳದ ಎರ್ನಾಕುಲದಲ್ಲಿ ಹುಟ್ಟಿದ ಜಿ. ಎನ್. ರಾಮಚಂದ್ರನ್. ಮುಂದೆ 1954-55ರಲ್ಲಿ ಅವರೂ ಗೋಪಿನಾಥ ಕರ್ತರೂ ಮದರಾಸಿನಲ್ಲಿ ಇದೇ ವಿದ್ಯೆಯಿಂದ ನಮ್ಮ ಚರ್ಮ, ಎಲುಬುಗಳಲ್ಲಿರುವ ಕೊಲಾಜೆನ್ ಎಂಬ ಪದಾರ್ಥದ ಮೂರೆಳೆಯ ಹುರಿಯನ್ನು ಬಿಡಿಸಿದರು. ಊಹೆ ತಪ್ಪಿದ ಕಡೆಯಲ್ಲೂ ಕಲಿಸಿದ ಕೈಕೆಲಸ ವ್ಯರ್ಥವಾಗಲಿಲ್ಲ.

ಲಾವೆಯವರನ್ನು ತಿದ್ದಿದವನು ಇನ್ನೂ ಹೆಸರು ಬಾರದ ಒಬ್ಬ ಹುಡುಗ. ನೊಬೆಲ್ ಪಡೆದ ರಾಮನ್ನರ ಮಾತಿಗೆ ಉತ್ತರ ಹೇಳಿದವರು ಮೂರು ಮಕ್ಕಳ ತಾಯಿಯೊಬ್ಬರು. ಇವರಿಬ್ಬರೂ ದೊಡ್ಡವರನ್ನು ಜರೆಯಲಿಲ್ಲ. ನಿಮ್ಮ ಮಾತು ನಿಜವಾದರೆ ಹರಳನ್ನು ಓರೆ ಮಾಡಿದಾಗ ಏನಾಗಬೇಕು, ತಣಿಸಿದಾಗ ಏನಾಗಬೇಕು ಎಂದು ಕೇಳಿ, ಹಾಗೆ ಮಾಡಿ ನೋಡಿದರು. ರಕ್ಷಕರಲ್ಲಿ ನಮ್ಮ ವಿನಂತಿ ಇಷ್ಟೆ: ಮನೆಯಲ್ಲಿ ಮಗು “ಅದು ಹಾಗೆಂದು ಹೇಗೆ ಗೊತ್ತು?” ಎಂದು ಕೇಳಿದರೆ ಅಧಿಕಪ್ರಸಂಗವೆಂದು ಗದರಿಸಬೇಡಿ. ಹಿರಿಯ ಬ್ರ್ಯಾಗರು ಮಗನನ್ನು ಗದರಿಸಿ ಕೂರಿಸಿದ್ದರೆ ಈ ಕಥೆ ಮುಂದೆ ಹೋಗುತ್ತಿರಲಿಲ್ಲ.

ಇನ್ನು ಪ್ರಶ್ನೆ ಕೇಳಿದ ನಮ್ಮ ವಿದ್ಯಾರ್ಥಿಗೆ ಉತ್ತರ. ಬೆಳಕಾಗಲಿ ಕ್ಷ-ಕಿರಣವಾಗಲಿ, ಹರಳಿನ ಪದರಗಳಲ್ಲಿ ಹಾದು ಚುಕ್ಕೆ ಮೂಡಿಸುವಾಗ ತರಂಗದಂತೆ, ಇಲೆಕ್ಟ್ರಾನನ್ನು ಹೊಡೆದೋಡಿಸುವಾಗ ಕಣದಂತೆ ವರ್ತಿಸುತ್ತದೆ. ಪರೀಕ್ಷೆಯಲ್ಲಿ ಯಾವ ಪ್ರಯೋಗದ ಕುರಿತು ಕೇಳಿದ್ದಾರೆಂದು ನೋಡಿ ಉತ್ತರ ಬರೆ.

ರಜೆಯಲ್ಲಿ ಮಾಡಬೇಕಾದ ಒಂದು ಕೆಲಸವೂ ಇದೆ. ಬಿಸಿನೀರಿನಲ್ಲಿ ಕರಗುವಷ್ಟು ಕಲ್ಲುಪ್ಪು ಕರಗಿಸಿ, ಬಟ್ಟೆಯಲ್ಲಿ ಸೋಸಿ, ಗಾಜಿನ ತಟ್ಟೆಯಲ್ಲಿ ಹಾಕಿ ಅಲುಗಾಡದಂತೆ ಕೆಲವು ದಿನ ಇಡಿರಿ. ತಳದಲ್ಲಿ ಪುಟ್ಟ ಪುಟ್ಟ ಚೌಕ ಹರಳುಗಳು ಕಟ್ಟುತ್ತವೆ. ಅವು ಏಕೆ ಉರುಟಾಗಿಲ್ಲ, ಏಕೆ ಚೌಕವಾಗಿವೆ ಎಂದು ಯೋಚಿಸಿರಿ. ಶಾಲೆ ತೆರೆದ ದಿನ ಹರಳುಗಳನ್ನು ಕಾಗದದಲ್ಲಿ ಕಟ್ಟಿ ತನ್ನಿರಿ. ಪ್ರಯೋಗಾಲಯದಲ್ಲಿ ಭೂತಕನ್ನಡಿ ಇದೆ. ಒಟ್ಟಿಗೆ ಕುಳಿತು ನೋಡೋಣ.